ಕೆಂಪು ಅರಗು ಹಚ್ಚಿದ ಟೈರು

ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ರಸ್ತೆಯಲ್ಲಿರುವ ಗಫಾರನ ಟೈರ್ ಅಂಗಡಿಗೆ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ಟೈರು ಬಿಚ್ಚುವ ಮಿಷನ್ ಮುಂದೆ ಅವನ ಅಕ್ಕ ದಿಲ್ಶಾದ್ ನಿಂತಿರುವುದನ್ನು ಕಂಡು "ಸಾಬ್ರು ಎಲ್ಲೋದ್ರು?" ಎಂದು ನೇರವಾಗಿ ಕೇಳುವವರು ಒಂದು ಬಗೆ. ಏನೂ ಕೇಳದೆ, ಕಾರಿನ ಕೀಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ, ರಸ್ತೆಯ ಆ ತುದಿ ಈ ತುದಿ ನೋಡುತ್ತ, ಸಾಬ್ರು ಬರುವವರೆಗೆ ಕಾಯುವವರು ಇನ್ನೊಂದು ಬಗೆ. ದಿಲ್ಶಾದಳಿಗೆ ಮೊದಲನೆಯವರೇ ಇಷ್ಟ. ಕೇಳಿದವರಿಗೆ ಉತ್ತರವನ್ನಾದರೂ ಕೊಡಬಹುದು, ಸುಮ್ಮನೆ ನಿಂತವರಿಗೆ ಏನು ಹೇಳುವುದು.

ಉತ್ತರ ಯಾವಾಗಲೂ ಒಂದೇ. "ಸಾಬ್ರು ಬತ್ತಾರೆ. ಅಲ್ಲೀಗಂಟ ನಿಮ್ ಟೈರು ಸುಮ್ನೆ ಯಾಕೆ ಕುಂತಿರ್ಬೇಕು, ಬಿಚ್ತೀನಿ ತಗೊಳಿ." ಹೀಗೆಂದು ಆಕೆ ಸೆರಗನ್ನು ತಲೆಯ ಮೇಲಿಂದ ಎಳೆದು ಸೊಂಟಕ್ಕೆ ಬಿಗಿಯುತ್ತಾಳೆ. ಸೀರೆಯ ಮೇಲೆ ತಮ್ಮನ ಹಳೆಯ ಖಾಕಿ ಅಂಗಿ. ಸಾಬ್ರು ಬರುವ ಹೊತ್ತಿಗೆ ಕೆಲಸ ಮುಗಿದು ಗಿರಾಕಿ ಹೋಗಿರುತ್ತಾನೆ.

ತನ್ನ ಕೈಯ ಮೇಲೆ ಆಕೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಾಲುಹಲ್ಲು ಬೀಳುವ ವಯಸ್ಸಿನಿಂದ ಗೊಂಬೆ ಕಾರ್ಖಾನೆಯಲ್ಲಿ ಅಪ್ಪನ ಲೇತಿನ ಪಕ್ಕ ಕುಳಿತು ಬೆಳೆದವಳಿಗೆ ಅನುಮಾನ ಯಾಕೆ ಬರಬೇಕು? ಆಕೆಯ ಅಬ್ಬಾ ಆ ಲೇತಿನ ಬೆಲ್ಟು ಬಿಗಿಯಾಗುವುದಕ್ಕೆಂದು ಕಾಲಡಿ ಒಂದು ಹಲಗೆ ಜೋಡಿಸಿದ್ದರು. ಹಲಗೆ ಒತ್ತಿದರೆ ಗೊಂಬೆಗೆ ಬಳಸುವ ಆಲೆಮರದ ತುಂಡು ಗಿರ್ರನೆ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ನಡುವೆ ಕಾಲು ಸಡಿಲವಾಯಿತೋ, ಬಣ್ಣ ಅಲ್ಲೇ ಗಟ್ಟಿಯಾಗಿ ಗೊಂಬೆಯ ಸೊಂಟದ ಸುತ್ತ ಗೆರೆ ಬೀಳುತ್ತದೆ. ಆದ್ದರಿಂದ ಕಡ್ಡಿ ಅಂಟಿದಂತಾದರೆ, ಮರ ಭಾರವಾದಂತೆ ಅನಿಸಿದರೆ, ಕಾಲು ಇನ್ನಷ್ಟು ಒತ್ತಬೇಕು. ದಿಲ್ಶಾದಳ ಬಲಗಾಲಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ, ಅದು ತಾನಾಗಿ ಒತ್ತುತ್ತಿತ್ತು.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಗೆರೆ ಬಿದ್ದ ಗೊಂಬೆಯನ್ನು ಬಚ್ಚಿಡುವಂತಿರಲಿಲ್ಲ. ಯಾರು ಕೆಡಿಸಿದರೋ ಅವರ ಲೇತಿನ ಮೇಲೆಯೇ ದಾರ ಕಟ್ಟಿ ತೂಗುಹಾಕುತ್ತಿದ್ದರು. ಅವಮಾನ ಮಾಡುವುದಕ್ಕಲ್ಲ, ತಲೆಯೆತ್ತಿದಾಗಲೆಲ್ಲ ಕಣ್ಣಿಗೆ ಬೀಳಲಿ ಎಂದು. ದಿಲ್ಶಾದಳ ಲೇತಿನ ಮೇಲೆ ಕೊನೆಯ ವರ್ಷಗಳಲ್ಲಿ ಬರೀ ದಾರ ತೂಗುತ್ತಿತ್ತು. ಆ ಬರೀ ದಾರವನ್ನು ಬಂದವರಿಗೆಲ್ಲ ತೋರಿಸಿ ಹೇಳಿಕೊಳ್ಳುವುದಕ್ಕೆ ಆಕೆಗೆ ನಾಚಿಕೆಯೇನೂ ಇರಲಿಲ್ಲ.

ಕಾರ್ಖಾನೆಯ ಯಜಮಾನರು ಜಾಗ ಮಾರಿದರು, ಅಲ್ಲಿ ಕಲ್ಯಾಣ ಮಂಟಪ ಎದ್ದಿತು. ದಿಲ್ಶಾದ್ ಅಳುತ್ತ ಕೂರುವ ಹೆಂಗಸಲ್ಲ. ಉಳಿದಿದ್ದ ಕೆಂಪು ಅರಗಿನ ಕಡ್ಡಿಗಳನ್ನು ನೆನಪಿಗೆಂದು ಚೀಲದಲ್ಲಿ ಹಾಕಿಕೊಂಡು ತಮ್ಮನ ಅಂಗಡಿಗೆ ಬಂದಳು. ಮೊದಮೊದಲು ಸೋಪಿನ ನೀರಿನ ಬಕೆಟ್ ಹಿಡಿದು ನಿಲ್ಲುವುದೇ ಆಕೆಯ ಕೆಲಸ. ಆ ದಿನಗಳನ್ನು ನೆನೆದರೆ ಆಕೆಗೆ ಈಗಲೂ ಮೈ ಉರಿಯುತ್ತದೆ. ಎದುರಿಗೆ ಮಿಷನ್ನಿನ ದುಂಡನೆಯ ತಟ್ಟೆ ತಿರುಗುತ್ತಿರಬೇಕು, ಅದನ್ನು ತಿರುಗಿಸುವ ಪೆಡಲು ಬೇರೆಯವರ ಕಾಲಡಿ ಇರಬೇಕು, ತಾನು ಬಕೆಟ್ ಹಿಡಿದು ನೋಡುತ್ತಿರಬೇಕು ಎಂದರೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಡ. ಕೊನೆಗೊಂದು ದಿನ ಮಿಷನ್ ನನಗೂ ಕೊಡು ಎಂದು ಕೇಳಿಯೇಬಿಟ್ಟಳು. ಗಫಾರ್ ತಲೆ ಕೆರೆದುಕೊಂಡ. ಪಕ್ಕದ ಗ್ಯಾರೇಜಿನವರೆಲ್ಲ ನೋಡುತ್ತಿದ್ದರು, ಹಾಗಾಗಿ ಒಂದು ಷರತ್ತು ಹಾಕಿದ. ಒಂದೇ ಒಂದು ಟೈರು ಹರಿದರೂ ಮಿಷನ್‌ನಿಂದ ಕೈ ತೆಗೆಯಬೇಕು, ಮತ್ತೆ ಬಕೆಟ್ಟೇ ಗತಿ.

"ಆಗ್ಲಿ" ಎಂದಳು ದಿಲ್ಶಾದ್. ತಾನು ಹರಿಯುವ ದಿನ ಬಂದೀತೆಂದು ಆಕೆ ಕನಸಿನಲ್ಲೂ ಎಣಿಸಿರಲಿಲ್ಲ.

ಅಬ್ಬಾ ಕಲಿಸಿದ್ದ ಇನ್ನೊಂದು ನಿಯಮವನ್ನು ಅಕ್ಕತಮ್ಮ ಇಬ್ಬರೂ ಅಂಗಡಿಯಲ್ಲಿ ಪಾಲಿಸುತ್ತಿದ್ದರು. ಮನೆಯಲ್ಲಿ ಉರ್ದು, ಗಿರಾಕಿ ಎದುರಿಗಿದ್ದಾಗ ಕನ್ನಡ. ತನಗೆ ತಿಳಿಯದ ಮಾತು ಕಿವಿಗೆ ಬಿದ್ದರೆ ಗಿರಾಕಿಗೆ ಇವರು ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ ಎನ್ನುವುದು ಅಬ್ಬಾನ ಲೆಕ್ಕ. ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದೀಯಾ ಎಂಬ ಮಾತನ್ನೂ ಇವರು ಗಿರಾಕಿಯ ಎದುರು ಕನ್ನಡದಲ್ಲೇ ಕೇಳಿಕೊಳ್ಳುತ್ತಿದ್ದರು.

ಆವತ್ತು ಬೆಳಿಗ್ಗೆ ಗಫಾರ್ ಟೀಗೆ ಹೋಗಿದ್ದಾಗ ಒಂದು ಬಿಳಿ ಕಾರು ಬಂದು ನಿಂತಿತು. ಇಳಿದವರು ದೊಡ್ಡಆಲಹಳ್ಳಿಯ ಬೋರಲಿಂಗಯ್ಯ, ಹಿಂದೆಯೇ ಅವರ ಹೆಂಡತಿ ಸಿದ್ದಮ್ಮ. ಬೋರಲಿಂಗಯ್ಯ ಗಂಜಿ ಹಾಕಿದ ಬಿಳಿ ಅಂಗಿಯಲ್ಲಿದ್ದರು, ಸಿದ್ದಮ್ಮ ಮದುವೆಮನೆಯ ರೇಷ್ಮೆ ಸೀರೆಯಲ್ಲಿದ್ದರು. ಮುಂದೆ ಚನ್ನಪಟ್ಟಣದ ಅಕ್ಕನ ಮನೆಯಲ್ಲಿ ತಿಂಡಿ ತಿಂದು, ಅಲ್ಲಿಂದ ಮಾಗಡಿ ಕಡೆಯ ಗುಡೇಮಾರನಹಳ್ಳಿಗೆ ನಾದಿನಿಯ ಮಗಳ ನಿಶ್ಚಿತಾರ್ಥಕ್ಕೆ ಹೊರಟವರು. ಹಿಂದಿನ ಸೀಟಿನಲ್ಲಿ ಹೂವು ಹಣ್ಣಿನ ತಟ್ಟೆಗಳು ಸಾಲಾಗಿ ಕುಳಿತಿದ್ದವು.

"ಸಾಬ್ರು ಎಲ್ಲೋದ್ರಮ್ಮ?" ಎಂದರು ಬೋರಲಿಂಗಯ್ಯ.

"ಟೀಗೆ ಹೋಗವ್ರೆ, ಬತ್ತಾರೆ. ಏನಾಗೈತೆ ಹೇಳಿ ಗೌಡ್ರೆ."

"ಮುಂದ್ಲ ಚಕ್ರದಲ್ಲಿ ಗಾಳಿ ನಿಲ್ಲಾಕಿಲ್ಲ. ದಿನಾ ಹೊಡ್ಸಿ ಹೊಡ್ಸಿ ಸಾಕಾಗೈತೆ. ಟೈರು ನೋಡುದ್ರೆ ಹೊಸ್ದು, ದೀಪಾವಳಿಗೆ ಕನಕಪುರದಲ್ಲಿ ಹಾಕ್ಸಿದ್ದು. ಸ್ಟೆಪ್ನಿ ಬೋಳು, ಅದ ನಂಬ್ಕಂಡು ಮಾಗಡಿ ರೋಡ್‌ಗೆ ಹೋಗಂಗಿಲ್ಲ."

ದಿಲ್ಶಾದ್ ಚಕ್ರ ಕಳಚಿ ನೀರಿನ ತೊಟ್ಟಿಗೆ ಇಳಿಸಿ ಸುತ್ತ ತಿರುಗಿಸಿದಳು. ಟೈರಿನ ಮೈಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಟೈರು ಮತ್ತು ಅದು ಕೂರುವ ಕಬ್ಬಿಣದ ಡಿಸ್ಕು ಕೂಡುವ ಅಂಚಿನಲ್ಲಿ ಮಾತ್ರ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಮೇಲೆ ಬಂದವು.

"ಟೈರ್‌ಗೆ ಏನೂ ಆಗಿಲ್ಲ, ಗುಂಡುಕಲ್ಲಂಗೈತೆ. ಡಿಸ್ಕಿಗೆ ತುಕ್ಕು ಹತ್ತಿ ಅಂಚಲ್ಲಿ ಸೋರ್ತಾ ಐತೆ. ಟೈರ್ ಬಿಚ್ಚಿ, ತುಕ್ಕು ಉಜ್ಜಿ ಹಾಕುದ್ರೆ ಸರಿಯೋಯ್ತದೆ."

"ನೀನೇ ಬಿಚ್ಚೀಯಾ?"

"ಮತ್ತೆ ನೀವು ಬಿಚ್ಚೀರಾ?"

ಸಿದ್ದಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. "ಕೇಳುದ್ರಲ್ಲ, ಈಗ ಸುಮ್ಕೆ ಕುಂತ್ಕಳಿ" ಎಂದು ಗಂಡನಿಗೆ ಹೇಳಿ ತಾವು ಬೆಂಚಿನ ಮೇಲೆ ಕುಳಿತರು. ಬೋರಲಿಂಗಯ್ಯ ಕೂರಲಿಲ್ಲ. ಗುಡೇಮಾರನಹಳ್ಳಿಯಿಂದ ಫೋನ್ ಬಂತು, ಅದನ್ನು ಕಿವಿಗೆ ಹಚ್ಚಿಕೊಂಡು ರಸ್ತೆಯ ಕಡೆ ನಡೆದರು.

ದಿಲ್ಶಾದ್ ಗಾಳಿ ತೆಗೆದು ಚಕ್ರವನ್ನು ಮಿಷನ್‌ನ ತಟ್ಟೆಯ ಮೇಲೆ ಮಲಗಿಸಿ ಹಿಡಿಕೆಗಳನ್ನು ಬಿಗಿಗೊಳಿಸಿದಳು. ಟೈರಿನ ಒಳಅಂಚಿನಲ್ಲಿ ತಂತಿ ಹೂತಿರುವ ದಪ್ಪ ಕಟ್ಟು ಇರುತ್ತದೆ, ಡಿಸ್ಕನ್ನು ಕಚ್ಚಿಕೊಂಡು ಕೂರುವುದು ಅದೇ. ಟೈರಿನ ಪ್ರಾಣವೆಲ್ಲ ಆ ಕಟ್ಟಿನಲ್ಲಿದೆ. ಅದಕ್ಕೆ ಸೋಪಿನ ನೀರು ಬಳಿದಳು. ಮಿಷನ್‌ನ ಕಬ್ಬಿಣದ ಕೊಕ್ಕನ್ನು ಅಂಚಿಗೆ ಇಳಿಸಿದಳು, ರಾಡು ತೂರಿಸಿ ಕಟ್ಟನ್ನು ಕೊಕ್ಕಿನ ಮೇಲೆ ಎತ್ತಿದಳು, ಬಲಗಾಲಲ್ಲಿ ಪೆಡಲ್ ಒತ್ತಿದಳು. ತಟ್ಟೆ ತಿರುಗಿತು. ಹಾಗೆ ಎತ್ತುವಾಗ ಎದುರು ಬದಿಯ ಕಟ್ಟು ಡಿಸ್ಕಿನ ನಡುವಿನ ಹಳ್ಳಕ್ಕೆ ಇಳಿದಿರಬೇಕು, ಇಲ್ಲದಿದ್ದರೆ ಈ ಬದಿಗೆ ಸಡಿಲ ಸಿಗುವುದಿಲ್ಲ. ಆಕೆ ಮಂಡಿಯಿಂದ ಒತ್ತಿ ಇಳಿಸಿದ್ದಳು. ಆದರೆ ತುಕ್ಕು ಹಿಡಿದ ಡಿಸ್ಕಿನಲ್ಲಿ ಅದು ಜಾರದೆ, ಸದ್ದಿಲ್ಲದೆ ಮತ್ತೆ ಮೇಲೆ ಬಂದು ಕುಳಿತುಬಿಟ್ಟಿತ್ತು.

ತಟ್ಟೆ ಭಾರವಾಯಿತು, ತುಸು ನಿಧಾನಿಸಿತು. ಅಲ್ಲಿ ಪೆಡಲ್ ಬಿಡಬೇಕಿತ್ತು. ಟೈರು ಬಿಚ್ಚುವ ಕೆಲಸದಲ್ಲಿ ಭಾರವಾಯಿತೆಂದರೆ ನಿಲ್ಲು ಎಂದೇ ಅರ್ಥ, ಇದು ದಿಲ್ಶಾದಳಿಗೆ ಚೆನ್ನಾಗಿ ಗೊತ್ತು. ಆದರೆ ಬಲಗಾಲು ತನ್ನ ಹಳೆಯ ವಿದ್ಯೆಯನ್ನೇ ನಂಬಿ ಇನ್ನಷ್ಟು ಒತ್ತಿತು. ಚರ್ ಎಂದು ಒಂದು ಸದ್ದಾಯಿತು. ಕಪ್ಪು ರಬ್ಬರು ಸಿಪ್ಪೆಯಂತೆ ಸುಲಿದು, ಒಳಗಿನ ತಂತಿ ಬೆಳ್ಳಗೆ ಕಂಡಿತು.

ದಿಲ್ಶಾದ್ ಕಾಲು ತೆಗೆದಳು. ಆಗಬೇಕಾದ್ದೆಲ್ಲ ಆಗಿ ಮುಗಿದಿತ್ತು.

ಆಕೆಗೆ ಮೊದಲು ಬಂದದ್ದು ಸಿಟ್ಟು, ತನ್ನ ಕಾಲಿನ ಮೇಲೆಯೇ. ಆಮೇಲೆ ಹೆದರಿಕೆ. ಗೌಡರಿಗಾಗಲಿ ತಮ್ಮನಿಗಾಗಲಿ ಆಕೆ ಹೆದರಲಿಲ್ಲ. ಹೆದರಿದ್ದು ಆ ಬಕೆಟ್ಟಿಗೆ. ಮಿಷನ್ ಕೈತಪ್ಪಿತು ಅನಿಸಿತು.

ಅಷ್ಟರಲ್ಲಿ ಗಫಾರ್ ಬಂದ. ಒಂದೇ ನೋಟಕ್ಕೆ ಅವನಿಗೆ ಎಲ್ಲ ಅರ್ಥವಾಯಿತು. ಅವನು ಕೆಟ್ಟವನಲ್ಲ, ಆದರೆ ಅಂಗಡಿಯ ಹೆಸರು ಅಂದರೆ ಅವನಿಗೆ ಎಲ್ಲಿಲ್ಲದ ಗಡಿಬಿಡಿ. ಟೀ ಲೋಟ ಕೆಳಗಿಟ್ಟು, ಸುಲಿದ ಜಾಗದ ಮೇಲೆ ಅಂಗೈ ಊರಿ, ಫೋನ್ ಮುಗಿಸಿ ಬರುತ್ತಿದ್ದ ಬೋರಲಿಂಗಯ್ಯನವರ ಕಡೆ ತಿರುಗಿದ.

"ಯಜಮಾನ್ರೆ, ನಿಮ್ ಟೈರು ಒಳಗಡೆನೇ ಕೆಟ್ಟೋಗಿತ್ತು. ಬಿಚ್ಚೋಕ್ ಮುಂಚೇನೇ ರಬ್ಬರ್ ಉದುರೋಗೈತೆ ನೋಡಿ. ತಯಾರಾದಾಗಿಂದ್ಲೂ ಹಂಗೇ ಇತ್ತು ಅಂತ ಕಾಣ್ತದೆ."

ಬೋರಲಿಂಗಯ್ಯ ಬಗ್ಗಿ ನೋಡಿದರು. ಮುಖ ಸಪ್ಪಗಾಯಿತು. "ಹಂಗಾ? ದೀಪಾವಳೀಲಿ ಹಾಕ್ಸಿದ್ದಲ್ಲಪ್ಪ ಇದು." ಅವರು ಒಂದಿಷ್ಟೂ ಅನುಮಾನಪಡಲಿಲ್ಲ. ಸಾಬ್ರು ಹೇಳಿದ ಮೇಲೆ ಮುಗಿಯಿತು. ಜೇಬಿಗೆ ಹಾಕಿದ್ದ ಫೋನನ್ನು ಮತ್ತೆ ತೆಗೆದರು. "ಕನಕಪುರದ ಆ ಟೈರಂಗ್ಡಿಯೋನಿಗೆ ಐತೆ ಇವತ್ತು. ನಮ್ಮೂರೋನು, ನಮ್ ಜನ ಅಂತ ನಂಬಿ ಹೋಗಿದ್ದೆ ನಾನು. ಕೊಳೆತ ಮಾಲು ಕಟ್ಬುಟ್ಟವ್ನೆ. ಊರಲ್ಲಿ ಇನ್ಯಾರೂ ಅವನ ಬಾಗ್ಲು ತುಳೀಬಾರ್ದು, ಹಂಗ್ ಮಾಡ್ತೀನಿ."

ಕನಕಪುರದ ಆ ಮನುಷ್ಯ ಯಾರೋ, ದಿಲ್ಶಾದ್ ಅವನ ಮುಖವನ್ನೂ ನೋಡಿದವಳಲ್ಲ. ಅವನು ತನ್ನ ಅಂಗಡಿಯಲ್ಲಿ ಯಾವುದೋ ಟೈರಿಗೆ ಗಾಳಿ ತುಂಬುತ್ತ, ಏನೂ ಅರಿಯದೆ ಕುಳಿತಿರುತ್ತಾನೆ. ಫೋನು ಅವನ ಜೇಬಿನಲ್ಲಿ ಈಗ ರಿಂಗಾಗುತ್ತದೆ.

"ಗೌಡ್ರೆ" ಎಂದಳು ದಿಲ್ಶಾದ್.

"ಆಪಾ, ಚುಪ್ ರಹೋ" ಎಂದುಬಿಟ್ಟ ಗಫಾರ್.

ಅಂಗಡಿಯಲ್ಲಿ ಗಿರಾಕಿಯ ಎದುರು ಉರ್ದು ಆಡಿದ್ದು ಅದೇ ಮೊದಲು. ಆಡಿದ ಮೇಲೆ ಗಫಾರನಿಗೇ ನಾಲಿಗೆ ಕಚ್ಚಿಕೊಂಡಂತಾಯಿತು. ಅಕ್ಕಾ, ಸುಮ್ಮನಿರು ಎನ್ನುವಷ್ಟು ಉರ್ದು ಆ ಸೀಮೆಯಲ್ಲಿ ಎಮ್ಮೆ ಮೇಯಿಸುವವರಿಗೂ ಗೊತ್ತು. ಬೋರಲಿಂಗಯ್ಯ ಫೋನನ್ನು ಕಿವಿಯಿಂದ ಇಳಿಸಿ, ಗುಂಡಿ ಒತ್ತಿ ಕರೆ ನಿಲ್ಲಿಸಿದರು.

"ಆವಮ್ಮ ಏನೋ ಹೇಳಾಕ್ ಬಂದ್ಲು. ಯಾಕ್ ಸಾಬ್ರೆ ಬಾಯಿ ಮುಚ್ಚುಸ್ತೀರಿ?"

ಗಫಾರ್ ಅಕ್ಕನ ಮುಖ ನೋಡಿದ. ಬೇಡ ಎನ್ನುವ ನೋಟ ಅದು. ನನಗಾಗಿ ಅಲ್ಲ, ನಿನಗಾಗಿಯೇ ಸುಳ್ಳು ಹೇಳುತ್ತಿದ್ದೇನೆ, ಸುಮ್ಮನಿದ್ದರೆ ಷರತ್ತೂ ಇಲ್ಲ ಗಿರತ್ತೂ ಇಲ್ಲ ಎನ್ನುವ ನೋಟ. ದಿಲ್ಶಾದಳಿಗೆ ಅದು ತಿಳಿಯಿತು. ತಮ್ಮನ ಮೇಲೆ ಒಂದು ಕ್ಷಣ ಪ್ರೀತಿಯೂ ಉಕ್ಕಿತು. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವನೇ ಹರಿದ ಟೈರುಗಳು ಹಳೆಯ ಟೈರುಗಳ ರಾಶಿಯ ಅಡಿಯಲ್ಲಿ ಬಿದ್ದಿರುವುದು ಆಕೆಗೆ ಗೊತ್ತಿತ್ತು. ಅವೆಲ್ಲ "ಒಳಗಡೆನೇ ಕೆಟ್ಟೋಗಿದ್ದ" ಟೈರುಗಳೇ. ಆ ಮಾತನ್ನು ಆಕೆ ಈಗ ತೆಗೆಯಲಿಲ್ಲ. ತಮ್ಮನ ಮಾನವನ್ನು ರಸ್ತೆಗೆ ತರುವುದು ಆಕೆಯ ಕೆಲಸವಲ್ಲ. ತನ್ನ ತಪ್ಪು ಹೇಳುವುದು ಮಾತ್ರ ಆಕೆಯ ಕೆಲಸ.

"ಟೈರು ಚೆನ್ನಾಗೇ ಇತ್ತು ಗೌಡ್ರೆ" ಎಂದಳು, ಕನ್ನಡದಲ್ಲೇ, ಎಂದಿಗಿಂತ ಒಸಿ ಜೋರಾಗಿಯೇ. "ನಾನೇ ಹೇಳ್ನಿಲ್ವಾ ಗುಂಡುಕಲ್ಲಂಗೈತೆ ಅಂತ? ಹರಿದಿದ್ದು ನಾನು. ತಟ್ಟೆ ಬಿಗಿ ಬಂದಾಗ ಕಾಲು ತೆಗೀಬೇಕಿತ್ತು, ತೆಗೀಲಿಲ್ಲ. ಕನಕಪುರದೋರ್ದು ಏನೂ ತಪ್ಪಿಲ್ಲ, ಅವ್ರಿಗೆ ಫೋನ್ ಮಾಡ್ಬ್ಯಾಡಿ."

ಬೋರಲಿಂಗಯ್ಯನವರಿಗೆ ಒಮ್ಮೆಗೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು. "ನಾನು ಬಂದೇಟ್ಗೇ ಕೇಳ್ದೆ, ಸಾಬ್ರು ಎಲ್ಲಿ ಅಂತ. ಯಾಕೇಳ್ದೆ ಹೇಳು? ಇದಕ್ಕೇ ಕೇಳಿದ್ದು. ಅಲ್ಲಿ ಎಲ್ಲಾ ನಮ್ಮ ದಾರಿ ಕಾಯ್ತಾ ಕುಂತವ್ರೆ. ಈಗ ಎಂಗೋಗಾನ?"

ಆ ಮಾತು ದಿಲ್ಶಾದಳಿಗೆ ಚುಚ್ಚಿತು. ಆದರೂ ತಲೆ ತಗ್ಗಿಸಲಿಲ್ಲ. ಅಂಗಡಿಯ ಪಕ್ಕ ನೆರಳಿನಲ್ಲಿ ಗಫಾರನ ಕಾರು ನಿಂತಿತ್ತು. ಅದಕ್ಕೆ ರಂಜಾನ್ ಹಬ್ಬಕ್ಕೆ ಅವನು ಹೊಸ ಟೈರು ತೊಡಿಸಿದ್ದ, ದಿನಾ ಬೆಳಿಗ್ಗೆ ಅವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ. ದಿಲ್ಶಾದ್ ಅದರ ಕಡೆ ಕೈ ತೋರಿಸಿದಳು.

"ಅದ್ರದ್ದೂ ಇದೇ ಅಳತೆ. ನಿಮ್ದಕ್ಕಿಂತ ಹೊಸ್ದು. ಅದ ಬಿಚ್ಚಿ ನಿಮಗೆ ಹಾಕ್ತೀನಿ. ಒಸಿ ಹೊತ್ತು ಕೂತ್ಕಳಿ, ಮುಹೂರ್ತದೊಳ್ಗೆ ಹೋಗ್ತೀರ."

"ನನ್ ಕಾರ್ದಾ?" ಎಂದ ಗಫಾರ್.

"ನಿನ್ ಕಾರ್ದೇ. ನಿಂಗೆ ಬೇರೆ ಟೈರು ನಾನ್ ಹಾಕುಸ್ಕೊಡ್ತೀನಿ. ನೀನು ನಾಳೆಗಂಟ ಸ್ಟೆಪ್ನೀಲಿ ಓಡಾಡು, ನಿನ್ನ ಯಾವ ನಿಶ್ಚಿತಾರ್ಥನೂ ಕಾಯ್ತಾ ಇಲ್ಲ."

ಸಿದ್ದಮ್ಮ ಮತ್ತೆ ಸೆರಗನ್ನು ಬಾಯಿಗೆ ಹಿಡಿದರು. ಗಫಾರನಿಗೆ ಮಾತ್ರ ನಗು ಬರಲಿಲ್ಲ. ಗಿರಾಕಿಯ ಮುಂದೆ ಸುಳ್ಳುಗಾರನಾದ ಉರಿ ಒಂದು ಕಡೆ, ಕಾರಿನ ಸಂಕಟ ಇನ್ನೊಂದು ಕಡೆ. "ಷರತ್ತು ನೆಪ್ಪೈತಾ?" ಎಂದ.

"ನೆಪ್ಪೈತೆ. ನಾಳೆಯಿಂದ ಮಿಷನ್ ಮುಟ್ಟಾಕಿಲ್ಲ. ಇವತ್ತು ಹರಿದಿದ್ದ ಇವತ್ತೇ ತೀರಿಸ್ಬೇಕು."

"ಬ್ಯಾಡ. ನಾನ್ ಬಿಚ್ತೀನಿ, ನೀನ್ ಸರ್ಕೊ." ಅವನು ತೋಳು ಮಡಚಿಕೊಂಡು ಮಿಷನ್ ಮುಂದೆ ನಿಂತ.

"ಹೂಂ ಕಣಪ್ಪ, ನೀನೇ ಮಾಡು" ಎಂದರು ಬೋರಲಿಂಗಯ್ಯ.

ಆಗ ಸಿದ್ದಮ್ಮ ಬೆಂಚಿನಿಂದ ಎದ್ದರು. ಅಷ್ಟು ಹೊತ್ತು ಅವರು ಆಡಿದ್ದು ಕಡಿಮೆ, ನೋಡಿದ್ದು ಹೆಚ್ಚು. "ಸುಮ್ಕಿರಿ ನೀವು. ಇಲ್ಲಿ ಇರೋರ್ ಪೈಕಿ ಹರಿದೆ ಅಂತ ಹೇಳಿದ್ದು ಯಾರು? ಆವಮ್ಮ ಒಬ್ಳೇ. ಇವ್ರು ಬಿಚ್ಚುವಾಗ ಹರಿದ್ರೆ ನಮ್ಗೆ ಗೊತ್ತಾಗ್ತದಾ? ಒಳಗಡೆನೇ ಕೆಟ್ಟಿತ್ತು ಅಂತ ಹಾಕ್ ಕಳಿಸ್ತಾರೆ. ನಾನು ಕೂರೋ ಕಾರು ಅದು. ಆವಮ್ಮನೇ ಬಿಚ್ಲಿ."

ಬೋರಲಿಂಗಯ್ಯ ಹೆಂಡತಿಯನ್ನು ನೋಡಿದರು, ಟೈರನ್ನು ನೋಡಿದರು, ಕೊನೆಗೆ ಗಫಾರನನ್ನು ನೋಡಿದರು. ಬೆಂಚಿಗೆ ಹೋಗಿ ಕುಳಿತರು. ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಅಂಗಡಿಯಲ್ಲಿದ್ದವರಿಗೆಲ್ಲ ತಿಳಿದುಹೋಯಿತು. ಗಫಾರ್ ಮಡಚಿದ ತೋಳನ್ನು ಬಿಡಿಸಿಕೊಂಡು ಪಕ್ಕಕ್ಕೆ ಸರಿದು, ತನ್ನ ಕಾರಿಗೆ ಜಾಕ್ ಹಾಕಲು ತಾನೇ ಹೋದ.

ಚಕ್ರ ಬಂತು. ದಿಲ್ಶಾದ್ ಅದನ್ನು ತಟ್ಟೆಯ ಮೇಲೆ ಮಲಗಿಸಿ ಸೋಪಿನ ನೀರನ್ನು ಧಾರಾಳವಾಗಿ ಬಳಿದಳು. ಹಿಡಿಕೆ ಬಿಗಿಗೊಳಿಸಿ ಕೊಕ್ಕು ಇಳಿಸಿದ ಮೇಲೆ ಪೆಡಲ್ ಕಡೆ ನೋಡಿದಳು. ಬಲಗಾಲಿಗೆ ಬುದ್ಧಿ ಹೇಳುವುದು ಈಗ ಆಗದ ಮಾತು. ಅದಕ್ಕೆ ಅಬ್ಬಾನ ಹಲಗೆಯೇ ಗುರು, ಆ ಗುರುವನ್ನು ಒಂದು ಬೆಳಗಿನಲ್ಲಿ ಮರೆಸುವುದು ಹೇಗೆ? ಆದರೆ ಎಡಗಾಲು ಇದೆಯಲ್ಲ. ಅದು ಇಷ್ಟು ವರ್ಷ ಸೋಮಾರಿಯಾಗಿ ನೆಲದ ಮೇಲೆ ನಿಂತಿತ್ತೇ ಹೊರತು ಏನನ್ನೂ ಕಲಿತಿರಲಿಲ್ಲ. ಕಲಿಯದ ಕಾಲು ಹೇಳಿದ ಮಾತು ಕೇಳುತ್ತದೆ. ದಿಲ್ಶಾದ್ ಎಡಗಾಲಿನ ಚಪ್ಪಲಿ ಬಿಟ್ಟು, ಸ್ವಲ್ಪ ಓರೆಯಾಗಿ ನಿಂತು, ಬರಿಗಾಲನ್ನು ಪೆಡಲಿನ ಮೇಲಿಟ್ಟಳು.

"ಇದೇನು ಹಿಂಗ್ ನಿಂತ್ಕಂಡೆ?" ಎಂದ ಗಫಾರ್.

"ನೋಡ್ತಾ ಇರು."

ರಾಡು ಹಾಕಿ ಕಟ್ಟನ್ನು ಎತ್ತಿದಳು. ಮೆಲ್ಲನೆ ಒತ್ತಿದಳು. ತಟ್ಟೆ ತಿರುಗಿತು, ಕಟ್ಟು ಕೊಕ್ಕಿನ ಮೇಲೇರಿ ಹೊರಗೆ ಬರತೊಡಗಿತು. ಅರ್ಧ ದಾರಿಯಲ್ಲಿ ತಟ್ಟೆ ಭಾರವಾಯಿತು. ಮೊದಲ ಸಲ ಬಂದಂಥದ್ದೇ ಭಾರ. ಬಲಗಾಲು ನೆಲವನ್ನು ಒತ್ತಿತು, ತಾನೇ ಪೆಡಲಿನ ಮೇಲಿದ್ದೇನೆ ಎಂದುಕೊಂಡಂತೆ. ಎಡಗಾಲು ಮೇಲೆ ಬಂತು. ತಟ್ಟೆ ನಿಂತಿತು. ಆಕೆ ಒಂದಿಷ್ಟು ಹಿಂದಕ್ಕೆ ತಿರುಗಿಸಿ, ಎದುರು ಬದಿಗೆ ಹೋಗಿ ಮಂಡಿಯೂರಿ ಕಟ್ಟನ್ನು ಹಳ್ಳಕ್ಕೆ ಇಳಿಸಿದಳು. ಈ ಸಲ ಕಣ್ಣಿಂದ ನೋಡಿ, ಬೆರಳು ತೂರಿಸಿ ಮುಟ್ಟಿ ಖಾತ್ರಿ ಮಾಡಿಕೊಂಡು ಮತ್ತೆ ಒತ್ತಿದಳು. ಟೈರು ಮಾಗಿದ ಹಲಸಿನ ತೊಳೆಯಂತೆ ಸಲೀಸಾಗಿ ಬಿಟ್ಟುಕೊಂಡಿತು.

ಬೋರಲಿಂಗಯ್ಯ ಕನ್ನಡಕ ಏರಿಸಿ, ಕಟ್ಟಿನ ಸುತ್ತ ಬೆರಳಾಡಿಸಿ ನೋಡಿದರು. ಎಲ್ಲೂ ಒಂದು ಗೀರಿರಲಿಲ್ಲ. ಆಮೇಲೆ ಅವರ ಡಿಸ್ಕಿನ ತುಕ್ಕನ್ನು ದಿಲ್ಶಾದ್ ಉಪ್ಪುಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡಿದಳು, ಟೈರು ಕೂರಿಸಿ ಗಾಳಿ ತುಂಬಿ ತೊಟ್ಟಿಗೆ ಇಳಿಸಿದಳು. ನೀರು ತಣ್ಣಗೆ ಮಲಗಿತ್ತು.

ಹೊರಡುವಾಗ ಬೋರಲಿಂಗಯ್ಯ ಹೊಗಳಲಿಲ್ಲ. "ಮಾಗಡೀಲಿ ಒಂದ್ಸಲ ಗಾಳಿ ನೋಡುಸ್ತೀನಿ" ಎಂದರು.

"ನೋಡ್ಸಿ. ನೋಡ್ಸೋದೇ ಒಳ್ಳೇದು" ಎಂದಳು ದಿಲ್ಶಾದ್.

ಸಿದ್ದಮ್ಮ ಹಿಂದಿನ ಸೀಟಿನ ತಟ್ಟೆಯೊಂದರಿಂದ ಎರಡು ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ ತೆಗೆದು ಆಕೆಯ ಕೈಗಿಟ್ಟರು. "ಬೀಗರಿಗೆ ಕಡ್ಮೆಯಾದ್ರೆ ಆಯ್ತದೆ ಬುಡು" ಎಂದು ಹೇಳಿ ಕಾರು ಹತ್ತಿದರು.

ಸಂಜೆ ಬಿಸಿಲು ಇಳಿಯುತ್ತಿದ್ದಾಗ ದಿಲ್ಶಾದ್ ಹರಿದ ಟೈರನ್ನು ಬೆಂಚಿನ ಮೇಲಿಟ್ಟುಕೊಂಡು ಚೀಲದಿಂದ ಕೆಂಪು ಅರಗಿನ ಕಡ್ಡಿಯೊಂದನ್ನು ತೆಗೆದಳು. ಮೇಣದ ಬತ್ತಿ ಹಚ್ಚಿ ಕಡ್ಡಿಯ ತುದಿ ಕಾಯಿಸಿ, ಸುಲಿದ ಜಾಗದ ಉದ್ದಕ್ಕೂ ಒತ್ತಿ ಒತ್ತಿ ಹಚ್ಚಿದಳು. ಕಪ್ಪು ಟೈರಿನ ಬಾಯಲ್ಲಿ ಆ ಕೆಂಪು ದೂರದಿಂದಲೇ ಎದ್ದು ಕಾಣುತ್ತಿತ್ತು. ಆಮೇಲೆ ಸ್ಟೂಲ್ ಹತ್ತಿ, ಅಂಗಡಿಯ ಮುಂದಿನ ತೊಲೆಗೆ ಹಗ್ಗ ಬಿಗಿದು ಅದನ್ನು ತೂಗುಹಾಕಿದಳು. ಮಿಷನ್ ಮುಂದೆ ನಿಂತವರು ತಲೆಯೆತ್ತಿದರೆ ಕಣ್ಣಿಗೆ ಬೀಳುವ ಜಾಗ ಅದು.

ಗಫಾರನಿಗೆ ತಡೆಯಲಾಗಲಿಲ್ಲ. "ಇದೇನಿದು? ಬಾಗ್ಲಲ್ಲಿ ನಮ್ ಮಾನ ನಾವೇ ನೇತಾಕ್ಕಂಡಂಗೆ?"

"ನಿನ್ ಮಾನ ಅಲ್ಲ ಅದು. ನನ್ ಟೈರು."

"ಜನ ಏನಂತಾರೆ?"

"ಕೇಳ್ತಾರೆ. ಕೇಳಿದ್ರೆ ಹೇಳ್ತೀನಿ."

ಮರುದಿನ ಬೆಳಿಗ್ಗೆ ದಿಲ್ಶಾದ್ ಮಾತಿಗೆ ತಪ್ಪಲಿಲ್ಲ. ಮಿಷನ್ ಹತ್ತಿರ ಹೋಗದೆ ಬೆಂಚಿನ ಮೇಲೆ ಬಕೆಟ್ ಪಕ್ಕ ಕುಳಿತಳು. ಖಾಕಿ ಅಂಗಿಯನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಿಜ ಹೇಳಿದ್ದಕ್ಕೆ ಆಕೆಗೆ ಪಶ್ಚಾತ್ತಾಪವಿರಲಿಲ್ಲ, ಆದರೆ ಮಿಷನ್ ಕಡೆ ನೋಡಲು ಮನಸ್ಸಾಗಲಿಲ್ಲ. ಹಾಗಾಗಿ ರಸ್ತೆಯ ಕಡೆಗೇ ಮುಖ ಮಾಡಿ ಕುಳಿತಳು.

ಮೊದಲು ಬಂದವನು ನಟರಾಜು, ಹಾರೋಹಳ್ಳಿ ಕಾರ್ಖಾನೆಗಳಿಗೆ ಸಾಮಾನು ಹೊಡೆಯುವ ಗೂಡ್ಸ್ ಗಾಡಿಯವನು, ಅಂಗಡಿಗೆ ಹಳಬ. ಹಿಂದಿನ ಚಕ್ರಕ್ಕೆ ಹೊಸ ಟೈರು ಹಾಕಿಸಬೇಕಿತ್ತು. ಒಳಗೆ ಬರುತ್ತಲೇ ತಲೆಯೆತ್ತಿ ನಿಂತ.

"ಏನಕ್ಕ ಇದು, ಬಾಯಿಗೆ ಲಿಪ್‌ಸ್ಟಿಕ್ ಹಚ್ಚಿರೋ ಟೈರು?"

ದಿಲ್ಶಾದ್ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಬಲಗಾಲಿನ ಕಥೆ ಹೇಳಿದಳು, ಎಡಗಾಲಿನ ಕಥೆಯನ್ನೂ ಬಿಡಲಿಲ್ಲ. ಷರತ್ತನ್ನು ಕೊನೆಗೆ ಹೇಳಿದಳು. ನಟರಾಜು ಬೆಂಚಿನ ಮೇಲೆ ಕುಳಿತು ಪೂರ್ತಿ ಕೇಳಿದ. ಆಮೇಲೆ ಮಿಷನ್ ಮುಂದೆ ಸುಮ್ಮನೆ ರಾಡು ಒರೆಸುತ್ತಿದ್ದ ಗಫಾರನ ಕಡೆ ತಿರುಗಿದ.

"ಅಲ್ಲ ಸಾಬ್ರೆ, ಅಕ್ಕಂದು ಇಲ್ಲಿ ತೂಗ್ತಾ ಐತೆ. ನಿಂದೆಲ್ಲಿ?"

ಅವನು ತಮಾಷೆಗೆ ಕೇಳಿದ್ದು. ಗಫಾರನ ಕೈಯಲ್ಲಿದ್ದ ಬಟ್ಟೆ ನಿಂತಿತು. ಅವನು ತಲೆಯೆತ್ತಿ ತೊಲೆಯ ಟೈರನ್ನು ನೋಡಿದ, ಅಕ್ಕನ ಮಡಿಲಲ್ಲಿದ್ದ ಅಂಗಿಯನ್ನು ನೋಡಿದ. ನಿನ್ನೆ ಗಿರಾಕಿಯ ಎದುರು ಶೆಡ್ಡಿನ ಟೈರುಗಳ ಮಾತು ತೆಗೆದಿದ್ದರೆ ತನ್ನನ್ನು ನೆಲಕ್ಕೆ ಕೆಡವಬಹುದಾಗಿದ್ದ ಅಕ್ಕ ಅದನ್ನು ಹೇಳದೆ ಉಳಿಸಿಕೊಂಡಿದ್ದಳು ಎಂಬುದು ಅವನಿಗೂ ಗೊತ್ತಿತ್ತು. ರಾಡನ್ನು ಕೆಳಗಿಟ್ಟು ಅಂಗಡಿಯ ಹಿಂದಕ್ಕೆ ನಡೆದ. ತಗಡಿನ ಶೆಡ್ಡಿನಲ್ಲಿ ಟೈರುಗಳನ್ನು ಎಳೆದಾಡುವ ಸದ್ದು ಕೇಳಿತು. ನಟರಾಜು ಹುಬ್ಬೇರಿಸಿ ದಿಲ್ಶಾದಳನ್ನು ನೋಡಿದ.

ಗಫಾರ್ ದೂಳು ಮೆತ್ತಿದ ಒಂದು ಟೈರನ್ನು ಉರುಳಿಸಿಕೊಂಡು ಬಂದು ಬೆಂಚಿಗೆ ಒರಗಿಸಿದ. ಅದರ ಕಟ್ಟು ಉದ್ದಕ್ಕೆ ಸುಲಿದಿತ್ತು.

"ಇದು ನಂದು" ಎಂದ. "ಷರತ್ತು ಬುಟ್ಬುಡು. ಇದಕ್ಕೂ ಒಸಿ ಕೆಂಪು ಬಳಿ."

ದಿಲ್ಶಾದ್ ಟೈರನ್ನು ತಿರುಗಿಸಿ ನೋಡಿದಳು. "ಒಂದೇನಾ?"

"ಇನ್ನೂ ಅವೆ" ಎಂದ ಗಫಾರ್, ನೆಲ ನೋಡುತ್ತ. "ಅರಗು ಎಷ್ಟೈತೆ ನಿನ್ ತಾವ?"

ನಟರಾಜು ಬೆಂಚು ತಟ್ಟಿ ನಕ್ಕ. ದಿಲ್ಶಾದಳಿಗೂ ನಗು ಬಂತು, ನಗುವಿನ ಜೊತೆ ಕಣ್ಣೂ ತುಂಬಿತು. ಚೀಲದಿಂದ ಕಡ್ಡಿಗಳ ಕಟ್ಟನ್ನೇ ತೆಗೆದು ತಮ್ಮನ ಕೈಗೆ ಕೊಟ್ಟಳು. "ನಿಂದ ನೀನೇ ಬಳ್ಕೊ. ನಂಗೆ ಗಿರಾಕಿ ಕಾಯ್ತಾ ಅವ್ನೆ."

ಗಫಾರ್ ಬಕೆಟ್ ಪಕ್ಕಕ್ಕೆ ಸರಿಸಿ, ಆಕೆ ಕುಳಿತಿದ್ದ ಜಾಗದಲ್ಲಿ ಕುಳಿತು ಮೇಣದ ಬತ್ತಿ ಹಚ್ಚಿದ. ದಿಲ್ಶಾದ್ ಖಾಕಿ ಅಂಗಿ ತೊಟ್ಟು, ಎಡಗಾಲಿನ ಚಪ್ಪಲಿ ಬಿಟ್ಟು, ನಟರಾಜುವಿನ ಚಕ್ರವನ್ನು ತಟ್ಟೆಯ ಮೇಲೆ ಮಲಗಿಸಿದಳು.